ನಶ್ಯದ ಸೀಸೆ, ಚೀನದ ಕೆಂಪು ಗಾಜಿನ

ಚೀನದ ಚಿಂಗ್ ಅರಸರ ಕಾಲದಲ್ಲಿ (1644-1911) ನಶ್ಯಪುಡಿ ಇಟ್ಟುಕೊಳ್ಳಲು ಬಳಸುತ್ತಿದ್ದ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಸೀಸೆ. ಐರೋಪ್ಯರ ಮೂಲಕ ಬಂದ ನಶ್ಯವನ್ನು ಅಲ್ಲಿ ನೆಗಡಿ, ತಲೆನೋವುಗಳಿಗೆ ಮದ್ದೆಂದೂ ಏರಿಸುತ್ತಿದ್ದರು. ಬಿಗಿಯಾದ ಬಿರಡೆಯಿದ್ದುದರಿಂದ ಪುಡಿಗೆ ತೇವ ತಗಲುತ್ತಿರಲಿಲ್ಲ; ಬಿರಡೆಯ ತಳಕ್ಕೆ ಜೋಡಿಸಿದ ಪುಟ್ಟ ಚಮಚೆಯಿಂದ ಚಿಟಿಕೆ ನಶ್ಯ ಹೊರತೆಗೆಯುತ್ತಿದ್ದರು.

ತಯಾರಿಕೆ: 1696ರಲ್ಲಿ ಕಾಂಗ್‌ಶಿ ಚಕ್ರವರ್ತಿ ಬೀಜಿಂಗಿನಲ್ಲಿ ಗಾಜಿನ ಕಾರ್ಖಾನೆ ತೆರೆಸಿದ. ಜರ್ಮನಿಯ ಜೆಸ್ಯೂಟ್ ಪಾದ್ರಿ ಕಿಲಿಯನ್ ಸ್ಟುಂಫ್ ಅದರ ಉಸ್ತುವಾರಿ ವಹಿಸಿದ್ದ. ಶಾಂಡೊಂಗ್ ಪ್ರಾಂತದ ಬೋಶಾನ್ ಗಾಜಿನ ಕಸುಬಿನ ಮತ್ತೊಂದು ಕೇಂದ್ರ. ಗಾಜಿನ ಪಾಕಕ್ಕೆ ಅತ್ಯಲ್ಪ ಚಿನ್ನ ಬೆರೆಸಿ, ತಣಿಸಿ ಮತ್ತೆ ಕಾಯಿಸಿದಾಗ ಚಿನ್ನದ ಸೂಕ್ಷ್ಮಕಣಗಳಿಂದ ಮಾಣಿಕ್ಯದ ಕೆಂಪು ಮೂಡುತ್ತದೆ. ತಾಮ್ರದಿಂದಲೂ ಕೆಂಪು ಬರಿಸಬಹುದು.

ಕೆಂಪು ಗಾಜಿನ ನಶ್ಯದ ಸೀಸೆಗಳಲ್ಲಿ ಎರಡು ಪದರದವು ಹೆಸರಾದವು. ಬಿಳಿಗಾಜಿನ ಸೀಸೆಗೆ ಕೆಂಪು ಗಾಜಿನ ಹೊದಿಕೆ ಕೊಟ್ಟು, ಆರಿದ ಮೇಲೆ ಹರಳು ಕೊರೆಯುವ ತಿರುಗುಚಕ್ರಕ್ಕೆ ಸಾಣೆಪುಡಿ ಹಚ್ಚಿ ಮೇಲ್ಪದರವನ್ನು ಅಲ್ಲಲ್ಲಿ ಸವೆಸುತ್ತಾರೆ. ಉಳಿದ ಕೆಂಪೇ ಕಮಲ, ಮೀನು, ಡ್ರ್ಯಾಗನ್‌ಗಳಾಗಿ ಬಿಳಿಯ ಮೇಲೆ ಉಬ್ಬಿ ನಿಲ್ಲುತ್ತದೆ.