ಕಾರ್ಖಾನೆ ಮುಚ್ಚಿತು, ಜಾವಾ ನಿಲ್ಲಲಿಲ್ಲ: ಇಂಜಿನ್ ಕಟ್ಟುವ ವಿದ್ಯೆಯ ಕತೆ

ಹದಿನಾರು ಅಂದರೆ ಮೈಸೂರು ಅರಸರ ಕತೆ ಶುರುವಾಗುವ ಊರು. ಯದುರಾಯ, ಕೃಷ್ಣರಾಯ ಎಂಬ ಅಣ್ಣತಮ್ಮಂದಿರು ಇಲ್ಲಿಗೆ ಬಂದು ಕಾರುಗಹಳ್ಳಿ ಮಾರನಾಯಕನನ್ನು ಕೊಂದರು, 1399ರಲ್ಲಿ ಯದುರಾಯ ಪಟ್ಟಕ್ಕೆ ಬಂದ ಎಂಬ ಕತೆ ನಂಜನಗೂಡು, ಟಿ. ನರಸೀಪುರದ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಅದೇ ವಂಶದ ಕೊನೆಯ ಮಹಾರಾಜರು ಜಯಚಾಮರಾಜೇಂದ್ರ ಒಡೆಯರ್. ಅವರು ರಾಜ್ಯಪಾಲರಾಗಿದ್ದಾಗ ಮೈಸೂರಿನಲ್ಲಿ ಒಂದು ಮೋಟಾರ್ ಸೈಕಲ್ ಕಾರ್ಖಾನೆ ಉದ್ಘಾಟಿಸಿದರು. ಅದೇ ಯಾದವಗಿರಿಯ ಐಡಿಯಲ್ ಜಾವಾ.

ಜಾವಾ ಹುಟ್ಟಿದ್ದು 1929ರಲ್ಲಿ, ಆಗಿನ ಜೆಕೊಸ್ಲೊವಾಕಿಯಾದಲ್ಲಿ. ಅದರ ಮಾಲೀಕ ಯಾನೆಚೆಕ್. ಅವರು ವಾಂಡರರ್ ಎಂಬ ಜರ್ಮನ್ ಕಂಪನಿಯಿಂದ ಬೈಕ್ ತಯಾರಿಸುವ ಹಕ್ಕು ಕೊಂಡಿದ್ದರು. ಎರಡೂ ಹೆಸರಿನ ಮೊದಲಕ್ಷರ ಸೇರಿ 'ಜಾವಾ' ಆಯಿತು. ನಮ್ಮಲ್ಲಿ ಇರಾನಿ ಕುಟುಂಬದವರು ಪರವಾನಗಿ ಪಡೆದು, 1961ರಲ್ಲಿ ಮೈಸೂರಿನಿಂದಲೇ ಬೈಕ್ ಹೊರಗೆ ಬಿಟ್ಟರು. 1970ರ ದಶಕದಲ್ಲಿ ಜಾವಾ ಹೋಗಿ ಯೆಜ್ಡಿ ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು.

ಕಾರ್ಖಾನೆ ಮುಚ್ಚಿದ ಮೇಲೂ ಗಾಡಿಗಳು ಓಡುತ್ತಲೇ ಇದ್ದವು. ಓಡಿಸಿದ್ದು ಯಾರು? ಸಣ್ಣ ಶೆಡ್ಡುಗಳ ಮೆಕ್ಯಾನಿಕ್‌ಗಳು, ಲೇತ್ ಕೆಲಸದವರು, ಹಳೇ ಬಿಡಿಭಾಗ ಜೋಪಾನ ಮಾಡಿದವರು. ಅವರ ಹತ್ತಿರ ಇದ್ದ ವಿದ್ಯೆ ಏನೆಂದು ತಿಳಿಯಬೇಕಾದರೆ ಒಂದು ಪ್ರಶ್ನೆ ಸಾಕು: ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿ ಕಟ್ಟಿದ ಇಂಜಿನ್ ಮೊದಲಿಗಿಂತ ಕೆಟ್ಟದಾಗಿ ಯಾಕೆ ಓಡುತ್ತದೆ?

ಉತ್ತರ ಇಂಜಿನ್ನಿನ ಹುಟ್ಟಿನಲ್ಲೇ ಇದೆ. 1890ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಜೋಸೆಫ್ ಡೇ ಎಂಬುವರು ವಾಲ್ವೇ ಇಲ್ಲದಂಥ ಇಂಜಿನ್ ಮಾಡಲು ಹೊರಟರು. ಕೊನೆಗೆ ಉಳಿದ ಉಪಾಯ ಇಷ್ಟು: ಪಿಸ್ಟನ್ ಮೇಲೆ ಹೋದಾಗ ಕೆಳಗಿನ ಕ್ರ್ಯಾಂಕ್ ಪೆಟ್ಟಿಗೆ ಗಾಳಿ, ಪೆಟ್ರೋಲ್ ಎಳೆದುಕೊಳ್ಳುತ್ತದೆ. ಪಿಸ್ಟನ್ ಕೆಳಗೆ ಬಂದಾಗ ಅದನ್ನೇ ಒತ್ತಿ ಸಿಲಿಂಡರಿಗೆ ಕಳಿಸುತ್ತದೆ. ಅಂದರೆ ಟೂ ಸ್ಟ್ರೋಕ್ ಇಂಜಿನ್ನಿನ ಹೊಟ್ಟೆಯೇ ಒಂದು ಪಂಪು. ಸೈಕಲ್ ಪಂಪಿನ ವಾಷರ್ ಹೋದರೆ ಗಾಳಿ ತುಂಬುತ್ತದೆಯೇ? ಇಲ್ಲೂ ಅಷ್ಟೇ.

ಇಂಜಿನ್ ಬಿಚ್ಚುವುದೆಂದರೆ ಆ ಪಂಪನ್ನು ಬಿಚ್ಚುವುದು. ಕಟ್ಟುವಾಗ ಎಲ್ಲೋ ಒಂದು ಕಡೆ ಗಾಳಿ ಒಳಗೆ ನುಸುಳಿದರೂ ಪೆಟ್ರೋಲ್ ಪಾಲು ಕಮ್ಮಿಯಾಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಇಳಿಯುವುದಿಲ್ಲ, ಒಮ್ಮೆ ಏರುತ್ತದೆ, ಒಮ್ಮೆ ಆಫ್ ಆಗುತ್ತದೆ, ಜಾಸ್ತಿ ಬಿಸಿಯಾಗುತ್ತದೆ. ಹಾಗೇ ಓಡಿಸಿದರೆ ಪಿಸ್ಟನ್ ಸೀಜ್ ಆಗಿ ಹಿಂದಿನ ಚಕ್ರ ದಿಢೀರನೆ ಕಚ್ಚಿಕೊಳ್ಳುತ್ತದೆ. ರಸ್ತೆಯಲ್ಲಿ ಇದು ಜೀವಕ್ಕೇ ಅಪಾಯ. ಹೊಸ ಪಿಸ್ಟನ್ನಿನ ದುಡ್ಡೂ ಹೋಗುತ್ತದೆ.

ಅನುಭವ ಇದ್ದವರು ಮತ್ತೆ ಇಂಜಿನ್ ಬಿಚ್ಚಲು ಅವಸರ ಮಾಡುವುದಿಲ್ಲ. ಖರ್ಚಿಲ್ಲದ್ದು ಮೊದಲು, ಕಷ್ಟದ್ದು ಕೊನೆಗೆ.

ಮೊದಲು ಪ್ಲಗ್. ಸ್ವಲ್ಪ ದೂರ ಓಡಿಸಿ ಬಿಚ್ಚಿ ನೋಡಿ. ಕಾಫಿ ಕಂದು ಬಣ್ಣ ಇದ್ದರೆ ಸರಿ. ಬೆಳ್ಳಗಿದ್ದರೆ ಗಾಳಿ ಜಾಸ್ತಿ ಅಥವಾ ಪೆಟ್ರೋಲ್ ಕಮ್ಮಿ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿ ಅಥವಾ ಕಿಡಿ ಸರಿಯಿಲ್ಲ.

ಎರಡನೆಯದು ಆಯಿಲ್. ಹಳೇ ಜಾವಾಗಳಿಗೆ 25 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್, ಅಂದರೆ ಲೀಟರಿಗೆ 40 ಮಿಲಿ ಲೆಕ್ಕ. ಹೊಸ ಪಿಸ್ಟನ್ ಅಂತ ಮನಸ್ಸಿಗೆ ಬಂದಷ್ಟು ಸುರಿಯಬಾರದು. ಆಯಿಲ್ ಹೆಚ್ಚಾದಷ್ಟೂ ಅದೇ ಜೆಟ್‌ನಲ್ಲಿ ಹೋಗುವ ಪೆಟ್ರೋಲ್ ಕಮ್ಮಿಯಾಗುತ್ತದೆ.

ಮೂರನೆಯದು ಕಾರ್ಬೊರೇಟರ್ ಮತ್ತು ಸಿಲಿಂಡರ್ ಸೇರುವ ಜಾಗ. ಇಂಜಿನ್ ಚಾಲೂ ಇದ್ದಾಗ ಆ ಜಾಯಿಂಟಿಗೆ ಸೋಪಿನ ನೀರು ಹಚ್ಚಿ. ಸದ್ದು ಬದಲಾದರೆ ಗಾಳಿ ಅಲ್ಲೇ ಎಳೆಯುತ್ತಿದೆ.

ನಾಲ್ಕನೆಯದು ಪಾಯಿಂಟ್ ಮತ್ತು ಟೈಮಿಂಗ್. ಜಾವಾಕ್ಕೆ ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಮೊದಲು ಗ್ಯಾಪ್ ಸರಿಮಾಡಿ ಆಮೇಲೆ ಟೈಮಿಂಗ್ ನೋಡಬೇಕು. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ.

ಐದನೆಯದು ಸೈಲೆನ್ಸರ್. ಒಳಗೆ ಕಾರ್ಬನ್ ಕಟ್ಟಿದ್ದರೆ ಹೊಗೆ ಹೊರಗೆ ಹೋಗುವುದಿಲ್ಲ, ಹೊಸ ಪಿಸ್ಟನ್ ಹಾಕಿದರೂ ಗಾಡಿ ಎಳೆಯುವುದಿಲ್ಲ. ಜಾವಾದಲ್ಲಿ ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಎರಡನ್ನೂ ನೋಡಬೇಕು.

ಇಷ್ಟಾದರೂ ಸರಿಹೋಗದಿದ್ದರೆ ಅನುಮಾನ ಕ್ರ್ಯಾಂಕಿನ ಎರಡು ತುದಿಯ ಆಯಿಲ್ ಸೀಲ್ ಮೇಲೆ. ಡೈನಮೋ ಕಡೆಯ ಸೀಲ್ ಹೋದರೆ ಗಾಳಿ ಎಳೆಯುತ್ತದೆ, ಪ್ಲಗ್ ಬೆಳ್ಳಗಾಗುತ್ತದೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಎಳೆಯುತ್ತದೆ, ಹೊಗೆ ನಿಲ್ಲುವುದೇ ಇಲ್ಲ, ಗೇರ್ ಬಾಕ್ಸಿನ ಆಯಿಲ್ ಇಳಿಯುತ್ತಾ ಹೋಗುತ್ತದೆ. ನೂರಿನ್ನೂರು ರೂಪಾಯಿ ಉಳಿಸಲು ಹಳೇ ಸೀಲನ್ನೇ ಬಿಟ್ಟು ಕಟ್ಟಿದರೆ ಬೋರಿಂಗ್, ಪಿಸ್ಟನ್, ಕೂಲಿ ಎಲ್ಲವೂ ನೀರಿನಲ್ಲಿ ಹೋಮ ಮಾಡಿದಂತೆ. ಕಾರ್ಖಾನೆ ಮುಚ್ಚಿ ಅಸಲಿ ಬಿಡಿಭಾಗ ಸಿಗುವುದು ಕಷ್ಟವಾದ ಮೇಲೆ, ಯಾವ ಸೀಲ್ ಅಳತೆಗೆ ಸರಿಯಾಗಿ ಕೂರುತ್ತದೆ, ಯಾವ ಗ್ಯಾಸ್ಕೆಟ್ ದಪ್ಪವಾಯಿತು ಎಂದು ಕೈಯಲ್ಲೇ ಹೇಳಬಲ್ಲವರೇ ಗಾಡಿಗಳನ್ನು ಉಳಿಸಿದರು.

ಟೂ ಸ್ಟ್ರೋಕ್ ಹೋಗಿದ್ದಕ್ಕೂ ಈ ಪಂಪೇ ಕಾರಣ. ಒಳಗೆ ಬರುವ ಪೆಟ್ರೋಲ್ ಗಾಳಿಯಲ್ಲಿ ಒಂದು ಪಾಲು ಉರಿಯದೆ ಹಾಗೇ ಸೈಲೆನ್ಸರ್ ಸೇರುತ್ತದೆ, ಜೊತೆಗೆ ಆಯಿಲ್ ಹೊಗೆ. ಹೊಗೆ ನಿಯಮ 1996ರಲ್ಲೂ 2000ದಲ್ಲೂ ಬಿಗಿಯಾದ ಮೇಲೆ ರಸ್ತೆಯಲ್ಲಿ ಫೋರ್ ಸ್ಟ್ರೋಕ್ ಕಾಲ ಬಂತು. 2018ರಲ್ಲಿ ಜಾವಾ ಹೆಸರು ಮತ್ತೆ ಬಂದರೂ ಇಂಜಿನ್ ಫೋರ್ ಸ್ಟ್ರೋಕೇ.

ಹಾಗಂತ ಇದು ಹಳೇ ಬೈಕ್ ಪ್ರಿಯರ ವಿದ್ಯೆ ಮಾತ್ರ ಅಲ್ಲ. ಮೂಟೆ ಹೊತ್ತು ಸಂತೆಗೆ ಬರುವ ಹಳೇ ಎಕ್ಸ್‌ಎಲ್ ಸೂಪರ್ ಟೂ ಸ್ಟ್ರೋಕ್. ಗದ್ದೆಗೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರ್, ಕಳೆ ಕತ್ತರಿಸುವ ಯಂತ್ರಗಳಲ್ಲೂ ಬಹಳಷ್ಟು ಟೂ ಸ್ಟ್ರೋಕೇ. ಆಯಿಲ್ ಲೆಕ್ಕ ಆಯಾ ಯಂತ್ರದ ಪುಸ್ತಕದಲ್ಲಿ ಇದ್ದಂತೆ ಹಾಕಿ. ಉಳಿದ ಪಾಠ ಒಂದೇ: ಪಂಪು ಸೋರಬಾರದು.

ಕಾರ್ಖಾನೆಯ ಇತಿಹಾಸ ಬರೆಯುವವರು ರಾಜರ ಹೆಸರು, ಮಾಲೀಕರ ಹೆಸರು ಬರೆಯುತ್ತಾರೆ. ಮುಚ್ಚಿದ ಮೇಲಿನ ಇತಿಹಾಸ ಮೆಕ್ಯಾನಿಕ್‌ಗಳ ಕೈಯಲ್ಲಿದೆ, ಕಾಗದದಲ್ಲಿ ಇಲ್ಲ. ನಿಮ್ಮೂರಿನಲ್ಲಿ ಜಾವಾ ಕಟ್ಟಿದ ಹಿರಿಯರು ಇದ್ದರೆ, ಅವರು ಇಂಜಿನ್ ಬಿಚ್ಚುವಾಗ ಪಕ್ಕದಲ್ಲಿ ಕೂತು ಫೋನಿನಲ್ಲಿ ಒಂದು ವಿಡಿಯೊ ಮಾಡಿಟ್ಟುಕೊಳ್ಳಿ. 'ಯಾಕೆ ಹೀಗೆ' ಅಂತ ಕೇಳುವುದನ್ನು ಮಾತ್ರ ಮರೆಯಬೇಡಿ.