ಒಂಬತ್ತು ಕಲ್ಮನೆ, ಉಳಿದದ್ದು ಎರಡು

ಬಂಟ್ವಾಳದಿಂದ ಮೂಡುಬಿದಿರೆಗೆ, ಅಲ್ಲಿಂದ ವೇಣೂರಿನ ದಾರಿ ಹಿಡಿದು ಬೆಳ್ತಂಗಡಿಗೆ ಹೋಗುವವರ ಕಣ್ಣಿಗೆ ಈ ಸೀಮೆಯ ಚರಿತ್ರೆ ಕಲ್ಲಾಗಿ ನಿಂತಿದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು. ವೇಣೂರಿನ ಗೊಮ್ಮಟನನ್ನು 1604ರಲ್ಲಿ ನಿಲ್ಲಿಸಿದವನು ಅಜಿಲರ ಅರಸ ತಿಮ್ಮಣ್ಣ. ಎತ್ತರ ಸುಮಾರು 35 ಅಡಿ. ಈ ಇಸವಿ, ಈ ಹೆಸರು ನಮ್ಮ ಹುಡುಗರಿಗೆ ಬಾಯಿಪಾಠ. ಆ ಕಲ್ಲನ್ನು ಬಂಡೆಯಿಂದ ಬಿಡಿಸಿದವರು ಯಾರು, ಹಗ್ಗ ಎಳೆದವರು ಎಷ್ಟು ಜನ, ಅವರಿಗೆ ಮಧ್ಯಾಹ್ನ ಗಂಜಿ ಕಾಯಿಸಿದವರು ಯಾರು ಅಂತ ಕೇಳಿದರೆ ಮೇಷ್ಟರೂ ಸುಮ್ಮನಾಗ್ತಾರೆ, ಪುಸ್ತಕವೂ ಸುಮ್ಮನಾಗುತ್ತೆ.

ಶಾಸನ ಅನ್ನೋದು ಬರೆಸುವ ತಾಕತ್ತು ಇದ್ದವರ ಮಾತು. ದಾನ ಕೊಟ್ಟವನ ಹೆಸರು ಅದರಲ್ಲಿ ಇರುತ್ತದೆ, ದಾನ ಪಡೆದವನ ಹೆಸರು ಇರುತ್ತದೆ, ತಪ್ಪಿದವನಿಗೆ ಶಾಪವೂ ಇರುತ್ತದೆ. ದಾನವಾದ ಗದ್ದೆಯಲ್ಲಿ ಸೊಂಟ ಬಗ್ಗಿಸಿ ನೇಜಿ ನೆಟ್ಟವಳ ಹೆಸರು ಹುಡುಕಿದರೂ ಸಿಗೋದಿಲ್ಲ. ಹಾಗಾದರೆ ಬರೆಸದವರ ಚರಿತ್ರೆಯನ್ನು ಓದುವುದು ಎಲ್ಲಿ? ಮಣ್ಣಿನಲ್ಲಿ. ಆದ್ದರಿಂದಲೇ ನಮಗೆ ಪುರಾತತ್ವ ಬೇಕು. ಅದು ಪಂಡಿತರ ಪುರಸೊತ್ತಿನ ಕೆಲಸ ಅಂತ ದೂರ ಇಟ್ಟರೆ ನಷ್ಟ ನಮಗೇ.

ತುಳುನಾಡಿನಲ್ಲಿ ಈ ಕೆಲಸಕ್ಕೆ ಹಾದಿ ಕಡಿದವರನ್ನು ನೆನೆಯಬೇಕು. ಬಿ. ಎ. ಸಾಲೆತ್ತೂರರ ತುಳುವ ಇತಿಹಾಸ 1936ರಲ್ಲಿ ಬಂತು. ಶಾಸನತಜ್ಞ ಕೆ. ವಿ. ರಮೇಶ್ 1970ರಲ್ಲಿ ದಕ್ಷಿಣ ಕನ್ನಡದ ಇತಿಹಾಸ ಬರೆದರು. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಪಾದೂರು ಗುರುರಾಜ ಭಟ್ಟರದು (1924-1978) ಬೇರೆಯೇ ಹಟ. ಊರೂರು ಸುತ್ತಿ, ಗುಡಿಗುಡಿ ಹೊಕ್ಕು, ಮೂರ್ತಿಗಳನ್ನು ಅಳೆದು, ಚಿತ್ರ ತೆಗೆದು, ಶೈಲಿ ಹೋಲಿಸಿ ಕಾಲ ಕಟ್ಟಿದರು. ಪ್ರಾಗಿತಿಹಾಸದಿಂದ ಆಧುನಿಕ ಕಾಲದವರೆಗಿನ ತುಳುವ ಚರಿತ್ರೆ, ಸಂಸ್ಕೃತಿಯ ಆ ಹೆಬ್ಬೊತ್ತಿಗೆಯನ್ನು 1975ರಲ್ಲಿ ತಾವೇ ಪ್ರಕಟಿಸಿದರು. ಮೂರು ವರ್ಷಕ್ಕೆ ತೀರಿಕೊಂಡರು. ದೇವಸ್ಥಾನದ ಒಳಗೆ ಕಾಲಿಡಲು ಬಿಡದಿದ್ದ ನಮ್ಮ ಹಿರಿಯರಿಗೆ ಒಳಗಿನ ಮೂರ್ತಿಯ ವಯಸ್ಸು ಗೊತ್ತಾಗುವ ಮಾರ್ಗ ಇರಲಿಲ್ಲ. ಅದು ಅಚ್ಚಾಗಿ ಗ್ರಂಥಾಲಯಕ್ಕೆ ಬಂತು ಅನ್ನೋದು ಸಣ್ಣ ಮಾತಲ್ಲ.

ಆದರೆ ಗುಡಿಗಿಂತ ಹಳೆಯದು ಗುಡ್ಡದ ಮೇಲಿದೆ. ಮೂಡುಬಿದಿರೆಯಿಂದ ಶಿರ್ತಾಡಿಗೆ ಹೋಗುವ ರಸ್ತೆಯಲ್ಲಿ ಸುಮಾರು 8 ಕಿಲೋಮೀಟರ್ ದೂರಕ್ಕೆ ಮೂಡು ಕೊಣಾಜೆ. ಅಲ್ಲಿನ ಕಲ್ಲುಗುಡ್ಡದ ಇಳಿಜಾರಿನಲ್ಲಿ ಬೃಹತ್ ಶಿಲಾಯುಗದ ಒಂಬತ್ತು ಕಲ್ಮನೆ ಸಮಾಧಿಗಳಿದ್ದವು. ಚಪ್ಪಡಿಗಳನ್ನು ನಿಲ್ಲಿಸಿ ನಾಲ್ಕು ಗೋಡೆ, ಮೇಲೊಂದು ಭಾರೀ ಚಪ್ಪಡಿಯ ಮುಚ್ಚಿಗೆ. 1980ರ ದಶಕದಲ್ಲಿ ಇದನ್ನು ಗುರುತಿಸಿ ವರದಿ ಮಾಡಿದವರು ಇತಿಹಾಸ ಸಂಶೋಧಕ ಪುಂಡಿಕಾಯಿ ಗಣಪಯ್ಯ ಭಟ್ಟರು. ಇಂಥ ಕಲ್ಮನೆಗಳನ್ನು ಕನ್ನಡನಾಡಿನ ಹಲವು ಕಡೆ ಪಾಂಡವರ ಮನೆ ಅಂತಾರೆ, ಮೋರ್ಯರ ಮನೆ ಅಂತಾರೆ. ಕೊಪ್ಪಳದ ಹಿರೇಬೆಣಕಲ್ಲಿನ ಗುಡ್ಡದಲ್ಲಿ ನೂರಾರು ಇವೆ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದ ಮೇಲೆ, ಈ ಕಲ್ಲುಗೋರಿಗಳ ಜನ ಕಬ್ಬಿಣ ಬಲ್ಲವರು, ಕಪ್ಪು-ಕೆಂಪು ಮಡಕೆ ಮಾಡಿದವರು ಅನ್ನೋದು ಗಟ್ಟಿಯಾಯಿತು. ನಮ್ಮಲ್ಲಿ ದೊಡ್ಡ ಕಲ್ಲು ಕಂಡರೆ ಪಾಂಡವರೇ ಬರಬೇಕು. ದುಡಿಯುವ ಜನ ಹತ್ತು ಕೈ ಸೇರಿಸಿ ಎತ್ತಿದರು ಅಂತ ನಂಬಲು ನಮಗೇ ಧೈರ್ಯ ಸಾಲದು.

2023ರಲ್ಲಿ ಮೂಡು ಕೊಣಾಜೆ ಮತ್ತೆ ಸುದ್ದಿಯಾಯಿತು. ಶಿರ್ವದ ಮೂಲ್ಕಿ ಸುಂದರರಾಮ ಶೆಟ್ಟಿ ಕಾಲೇಜಿನಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ಕಲಿಸಿ ನಿವೃತ್ತರಾದ ಟಿ. ಮುರುಗೇಶಿ ಅಲ್ಲಿ ಸುಟ್ಟಮಣ್ಣಿನ ಎಂಟು ವಸ್ತುಗಳನ್ನು ಗುರುತಿಸಿದರು. ಎರಡು ಗೂಳಿ, ಎರಡು ನವಿಲು, ಒಂದು ಕುದುರೆ, ಒಬ್ಬ ಮಾತೃದೇವತೆ, ಮಾತೃದೇವತೆಯದೇ ಒಂದು ಕೈ, ಇನ್ನೊಂದು ಏನೆಂದು ತಿಳಿಯದ ತುಂಡು. ಗೂಳಿ ಅಂದರೆ ಬರೀ ಗೂಳಿಯಲ್ಲ. ಒಂದಕ್ಕೆ ಗೂಳಿಯ ತಲೆ, ಹೆಣ್ಣಿನ ಮೈ. ಕೈಯಲ್ಲೇ ತಟ್ಟಿ ಮಾಡಿದ್ದು, ಎತ್ತರ 9 ಸೆಂಟಿಮೀಟರ್. ನಮ್ಮ ಅಂಗೈಯಲ್ಲಿ ಕೂರುವಷ್ಟು. ಕೇರಳದ ಮಲಂಪುಳದ ಬೃಹತ್ ಶಿಲಾಯುಗದ ನೆಲೆಯಲ್ಲಿ ಸಿಕ್ಕಿದ್ದ ಇಂಥವೇ ಗೂಳಿಗಳ ಜೊತೆ ಹೋಲಿಸಿ, ಇವು ಕ್ರಿ.ಪೂ. 800-700ರ ಸುಮಾರಿನವು ಅಂತ ಮುರುಗೇಶಿ ಅಂದಾಜು ಕಟ್ಟಿದ್ದಾರೆ. ಕರಾವಳಿಯ ಹಳೆಯ ಕನ್ನಡ ಶಾಸನಗಳಲ್ಲಿ ಒಂದಾದ ವಡ್ಡರ್ಸೆಯದು ಕ್ರಿ.ಶ. 7ನೆಯ ಶತಮಾನದ್ದು. ಲೆಕ್ಕ ಹಾಕಿ ನೋಡಿ: ಅರಸರು ಇಲ್ಲಿ ಕಲ್ಲಿನ ಮೇಲೆ ಹೆಸರು ಕೆತ್ತಿಸುವುದಕ್ಕೆ ಸುಮಾರು ಸಾವಿರದ ನಾನೂರು ವರ್ಷ ಮೊದಲೇ ಯಾರೋ ಒಬ್ಬರ ಬೆರಳು ಈ ಮಣ್ಣನ್ನು ನಾದಿತ್ತು.

ಇಲ್ಲಿ ಒಂದು ನೋವಿನ ಮಾತು. ಆ ಗೋರಿಗಳನ್ನು ನಿಧಿಯ ಆಸೆಗೆ ಬಗೆದಿದ್ದಾರೆ. ಬಗೆದು ಬಿಸಾಡಿದ ಮೇಲೆ ಮೇಲ್ಮಣ್ಣಿನಲ್ಲಿ ಸಿಕ್ಕಿದ್ದು ಈ ಬೊಂಬೆಗಳು. ಪುರಾತತ್ವಕ್ಕೆ ವಸ್ತುವಿನಷ್ಟೇ ಮುಖ್ಯ ಅದು ಮಲಗಿದ್ದ ಜಾಗ. ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಮಡಕೆ ಇತ್ತೋ, ಕಬ್ಬಿಣ ಇತ್ತೋ, ಇದ್ದಿಲು ಇತ್ತೋ? ಇದ್ದಿಲು ಇದ್ದಿದ್ದರೆ ಅದರಿಂದಲೇ ಕಾಲ ತಿಳಿಯಬಹುದಿತ್ತು. ಪದರ ಕಲಕಿದ ಮೇಲೆ ಹೋಲಿಕೆಯೊಂದೇ ದಾರಿ. ಬಂಗಾರಕ್ಕೆ ಬಗೆದವನಿಗೆ ಮಣ್ಣಿನ ನವಿಲು ಕಸ. ಆ ಕಸದಲ್ಲೇ ನಮ್ಮ ನಾಡಿನ ಮೊದಲ ಪುಟಗಳಿದ್ದವು. ಒಂಬತ್ತರಲ್ಲಿ ಈಗ ನಿಂತಿರೋದು ಎರಡೇ ಕಲ್ಮನೆ.

ಈ ಬೊಂಬೆಗಳು ತುಳುನಾಡಿನ ದೈವಾರಾಧನೆಯ ಅಧ್ಯಯನಕ್ಕೆ ಗಟ್ಟಿ ನೆಲೆ ಅಂತ ಮುರುಗೇಶಿ ಹೇಳುತ್ತಾರೆ. ಬಂಟ್ವಾಳ ತಾಲೂಕಿನ ಪೊಳಲಿಯಲ್ಲಿ ರಾಜರಾಜೇಶ್ವರಿ ಇವತ್ತಿಗೂ ಮಣ್ಣಿನ ಮೂರ್ತಿಯೇ. ಅಂಗೈಯಗಲದ ಆ ತಾಯಿಗೂ ಆಳೆತ್ತರ ಮೀರಿದ ಈ ತಾಯಿಗೂ ನಂಟು ಕಟ್ಟಿಬಿಡುವ ಆಸೆ ನಮಗೂ ಆಗುತ್ತದೆ. ಆದರೆ ನಡುವೆ ಎಷ್ಟೋ ಶತಮಾನ ಖಾಲಿ ಬಿದ್ದಿದೆ. ಖಾಲಿ ಜಾಗಕ್ಕೆ ಪುರಾಣ ತುಂಬಿದವರನ್ನು ಬೈಯುವ ನಾವು ಅದೇ ಕೆಲಸ ಮಾಡಬಾರದು. ಇನ್ನೊಂದು ಎಚ್ಚರವೂ ಬೇಕು: ಕಲ್ಮನೆಯವರೆಲ್ಲ ಸಮಾನರಾಗಿದ್ದರು, ಅವರೇ ನಮ್ಮ ಅಜ್ಜಂದಿರು ಅಂತ ಕೂಗಿಬಿಡುವುದು ಸುಲಭ. ಒಂದು ಗುಡ್ಡಕ್ಕೆ ಒಂಬತ್ತು ಗೋರಿ ಅಂದರೆ ಸತ್ತವರಿಗೆಲ್ಲ ಕಲ್ಲಿನ ಮನೆ ಸಿಗಲಿಲ್ಲ ಅಂತಲೇ ತಾನೆ? ಚಪ್ಪಡಿ ಹೊತ್ತವನು ಸತ್ತಾಗ ಅವನಿಗೆ ಏನು ಸಿಕ್ಕಿತು? ಈ ಪ್ರಶ್ನೆಯನ್ನು ಬಸದಿಗೆ ಕೇಳುವವರು ಕಲ್ಮನೆಗೂ ಕೇಳಬೇಕು.

ಪುರಾತತ್ವಕ್ಕೂ ಒಂದು ಕುರುಡಿದೆ. ನಮ್ಮ ಮುರಕಲ್ಲಿನ ಹುಳಿಮಣ್ಣು, ಈ ಮಳೆ, ಎಲುಬನ್ನು ತಿಂದುಹಾಕುತ್ತವೆ. ಕಲ್ಲು ಉಳಿಯುತ್ತದೆ, ಸುಟ್ಟಮಣ್ಣು ಉಳಿಯುತ್ತದೆ. ಕೊರಗರು ಹೆಣೆದ ಬುಟ್ಟಿ, ಕಾಡಬಳ್ಳಿಯ ಕುಕ್ಕೆ ನಾಲ್ಕು ಮಳೆಗಾಲಕ್ಕೆ ಮಣ್ಣು. ಇಡೀ ಸೀಮೆಯ ಭತ್ತ ಹೊತ್ತ ಬುಟ್ಟಿ ಅದು. ಅಗೆದರೆ ಚೂರೂ ಸಿಗೋದಿಲ್ಲ. ಕೊರಗರನ್ನು ಉಗುರು, ಕೂದಲು ಬೆರೆಸಿದ ಎಂಜಲು ಉಣ್ಣಿಸುವ ಅಜಲು ಪದ್ಧತಿಗೆ ಇಳಿಸಿದ್ದ ಸಮಾಜ ಇದು. ಅದನ್ನು ನಿಷೇಧಿಸುವ ಕಾನೂನು ಬರಲು 2000ನೆಯ ಇಸವಿಯೇ ಬೇಕಾಯಿತು. ಈ ಅವಮಾನ ಯಾವ ಪದರದಲ್ಲೂ ಸಿಗುವುದಿಲ್ಲ. ಅದಕ್ಕೆ ಬಾಯಿಯ ಮಾತೇ ಸಾಕ್ಷಿ. ನೇಜಿ ನೆಡುತ್ತಾ ಹೆಂಗಸರು ಹೇಳಿದ ಪಾಡ್ದನಗಳಲ್ಲಿ ವೀರರಾದ ಕಾನದ-ಕಟದರು ಇದ್ದಾರೆ, ಕೊರಗ ತನಿಯ ಇದ್ದಾನೆ. ಗುದ್ದಲಿಯೂ ಬೇಕು, ಕಿವಿಯೂ ಬೇಕು.

ಬಿ.ಸಿ.ರೋಡಿನಲ್ಲಿ ಇತಿಹಾಸದ ಪ್ರಾಧ್ಯಾಪಕ ತುಕಾರಾಮ ಪೂಜಾರಿ ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯಕ್ಕೆ ನಿಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿ. ಬೇಸಾಯದ ಸಲಕರಣೆ, ಅಡಿಗೆಮನೆಯ ಪಾತ್ರೆ, ದಿನಬಳಕೆಯ ಸಾಮಾನು ಅಲ್ಲಿ ಚರಿತ್ರೆಯ ಗೌರವ ಪಡೆದು ಕೂತಿವೆ. ನಮ್ಮ ಅಟ್ಟದ ಮೂಲೆಯಲ್ಲಿರೋದೂ ಚರಿತ್ರೆಯೇ ಅಂತ ಹುಡುಗ ತಿಳಿದರೆ ಅರ್ಧ ಪಾಠ ಮುಗಿದ ಹಾಗೆ.

ಉಳಿದರ್ಧ ಹಳ್ಳಿಯ ಮೇಷ್ಟರ ಕೈಲಿದೆ. ಪ್ರಾಚೀನ ಸ್ಮಾರಕಗಳಿಗೆ ಕೇಂದ್ರದ 1958ರ ಕಾಯ್ದೆ ಇದೆ, ನಮ್ಮ ರಾಜ್ಯದ 1961ರ ಕಾಯ್ದೆ ಇದೆ. ಆದರೆ ಆ ರಕ್ಷಣೆ ಪಟ್ಟಿಗೆ ಸೇರಿದ ನೆಲೆಗೆ. ಪಟ್ಟಿಗೆ ಸೇರದ ಕಲ್ಲು ಕೋರೆಯವನ ಪಾಲು, ರಬ್ಬರು ತೋಟದ ಪಾಲು. ನಿಮ್ಮೂರ ಪಾದೆಯ ಮೇಲೆ ವಿಚಿತ್ರ ಚಪ್ಪಡಿ ಕಂಡರೆ ಅಗೆಯಬೇಡಿ, ಎತ್ತಬೇಡಿ, ತೊಳೆಯಬೇಡಿ. ಹಗ್ಗದಲ್ಲಿ ಅಳೆಯಿರಿ, ಚಿತ್ರ ತೆಗೆಯಿರಿ, ಸರ್ವೆ ನಂಬರು ಬರೆದಿಡಿ, ಅದನ್ನು ಊರ ಮುದುಕರು ಏನಂತ ಕರೀತಾರೆ ಕೇಳಿ ಬರೆದಿಡಿ. ಆಮೇಲೆ ಪುರಾತತ್ವ ಇಲಾಖೆಗೂ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೂ ತಿಳಿಸಿ, ಪಂಚಾಯ್ತಿ ಸಭೆಯಲ್ಲಿ ಎದ್ದು ಹೇಳಿ.

ಪುರಾತತ್ವಜ್ಞ ಬರುವುದು ವರ್ಷಕ್ಕೊಮ್ಮೆಯೋ, ದಶಕಕ್ಕೊಮ್ಮೆಯೋ. ದನ ಮೇಯಿಸುವ ಹುಡುಗಿ ಆ ಗುಡ್ಡಕ್ಕೆ ದಿನಾ ಹೋಗುತ್ತಾಳೆ. ಆ ಎರಡು ಕಲ್ಮನೆ ಏನು ಅಂತ ಅವಳಿಗೆ ಗೊತ್ತಿರಬೇಕು.