ಲೊರೆಲೈ ಮತ್ತು ಅಲಮೇಲಮ್ಮ: ಹೆಸರು ಮೊದಲೋ ಕಥೆ ಮೊದಲೋ?

ಜರ್ಮನಿಯ ರೈನ್ ನದಿಯ ಬಲದಂಡೆಯಲ್ಲಿ ಸುಮಾರು 132 ಮೀಟರ್ ಎತ್ತರದ ಬಂಡೆಯೊಂದಿದೆ, ಹೆಸರು ಲೊರೆಲೈ. ಅಲ್ಲಿ ಹೊಳೆ ಕಿರಿದಾಗಿ ತಿರುಗುತ್ತದೆ. ಸೆಳೆತ ಹೆಚ್ಚು, ಕೂಗಿದರೆ ಮರುದನಿ ಬರುತ್ತದೆ. ‘ಲೈ’ ಎಂದರೆ ಆ ಸೀಮೆಯ ನುಡಿಯಲ್ಲಿ ಬಂಡೆ. ಹೆಸರು ಬಂಡೆಯದೇ ಹೊರತು ಹೆಣ್ಣಿನದಲ್ಲ. ಅದನ್ನು ಹೆಣ್ಣಿಗೆ ಕೊಟ್ಟವನು ಕ್ಲೆಮೆನ್ಸ್ ಬ್ರೆಂಟಾನೊ, 1801ರ ತನ್ನ ಲಾವಣಿಯಲ್ಲಿ. ಪ್ರಿಯನಿಂದ ವಂಚಿತಳಾಗಿ, ಮಾಟಗಾತಿಯೆಂಬ ಆರೋಪ ಹೊತ್ತು, ಮಠಕ್ಕೆ ಸಾಗುವ ದಾರಿಯಲ್ಲಿ ಅವಳು ಬಂಡೆಯಿಂದ ನದಿಗೆ ಬೀಳುತ್ತಾಳೆ. 1824ರಲ್ಲಿ ಹೈನೆಯ ಕವಿತೆ ಅವಳನ್ನೇ ಹೊಂಗೂದಲು ಬಾಚುತ್ತ ಹಾಡಿ ಅಂಬಿಗನನ್ನು ಮುಳುಗಿಸುವ ಮೋಹಿನಿಯಾಗಿಸಿತು. ನೊಂದವಳು ನೋಯಿಸುವವಳಾಗಲು ಕಾಲು ಶತಮಾನವೂ ಬೇಕಾಗಲಿಲ್ಲ! 1876ರಲ್ಲಿ ಪತ್ತೆಯಾದ ಕ್ಷುದ್ರಗ್ರಹವೊಂದಕ್ಕೂ ಅದೇ ಹೆಸರಾಯಿತು. ಕವಿಕಲ್ಪನೆಯನ್ನು ಜನ ಪುರಾತನ ಐತಿಹ್ಯವೆಂದೇ ನಂಬಿದರು.

ಹೊಳೆಗೆ ಹಾರಿದ ಹೆಣ್ಣಿನ ಇಂಥದೇ ಕಥೆ ಕೊಳ್ಳೇಗಾಲಕ್ಕೆ ಸಮೀಪದ ಕಾವೇರಿಯ ದಡದಲ್ಲಿಯೂ ಇದೆ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲರಾಯನಿಂದ ಶ್ರೀರಂಗಪಟ್ಟಣವನ್ನು ಪಡೆದರು. ರಂಗನಾಯಕಿ ದೇವಿಗೆ ತೊಡಿಸುವ ಒಡವೆಗಳನ್ನು ಒಪ್ಪಿಸುವಂತೆ ಒತ್ತಾಯ ಬಂದಾಗ ಅವನ ಪತ್ನಿ ಅಲಮೇಲಮ್ಮ ಮಾಲಂಗಿಯ ಬಳಿ ನದಿಗೆ ಧುಮುಕಿದಳೆಂದೂ, ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಸಂತಾನವಾಗದಿರಲಿ ಎಂದು ಶಪಿಸಿದಳೆಂದೂ ಪ್ರತೀತಿ.

ಆದರೆ ಮಾಲಂಗಿಯ ಹೆಸರು ಶಾಪಕ್ಕಿಂತ ಬಹಳ ಹಳೆಯದು. ತಲಕಾಡಿನ ಎದುರು ದಂಡೆಯ ಆ ಊರು ಹೊಯ್ಸಳರ ಕಾಲಕ್ಕೇ ದೊಡ್ಡ ಊರು. ಮರಳಿಗೂ ಬೇರೆ ಕಾರಣವಿದೆ. ವಿಜಯನಗರದ ಕಾಲದಲ್ಲಿ ಮೇಲ್ಭಾಗದಲ್ಲಿ ಕಟ್ಟಿದ ಮಾಧವಮಂತ್ರಿ ಅಣೆಕಟ್ಟಿನಿಂದ ನದಿಪಾತ್ರ ಒಣಗಿ, ಗಾಳಿ ಮರಳನ್ನು ಊರಿನ ಮೇಲೆ ಹೊತ್ತು ತಂದಿತೆಂದು ಕೆ.ಎನ್. ಗಣೇಶಯ್ಯನವರು ವಾದಿಸಿದ್ದಾರೆ. ಈ ವಾದ ಒಪ್ಪತಕ್ಕದ್ದು. ಶಾಪವನ್ನೇ ಮರಳಿಗೆ ಕಾರಣವಾಗಿ ಉಲ್ಲೇಖಿಸುವ ಸಂಶೋಧನ ಪ್ರಬಂಧ ಕಾರ್ಯವನ್ನೇ ಕಾರಣವೆಂದು ಓದಿದಂತಾಗುತ್ತದೆ. ತಲ, ಕಾಡ ಎಂಬ ಇಬ್ಬರು ಬೇಡರಿಂದ ‘ತಲಕಾಡು’ ಬಂದಿತೆನ್ನುವುದೂ ಹೆಸರನ್ನು ಒಡೆದು ಕಟ್ಟಿದ ಕಥೆಯೇ.

ಹಾಗೆಂದು ಕಥೆ ಹುಸಿಯೆಂದು ತಳ್ಳಿಬಿಡುವುದೂ ಸಲ್ಲದು. ಅಧಿಕಾರ ಕಳೆದುಕೊಂಡ ಮನೆಯ ಹೆಣ್ಣಿನ ಅಳಲನ್ನು ಆಸ್ಥಾನದ ಪ್ರಶಸ್ತಿಗಳು ದಾಖಲಿಸುವುದಿಲ್ಲ. ಜನರ ಬಾಯಿ ಉಳಿಸಿಕೊಂಡಿತು. ರೈನ್ ತೀರದಲ್ಲಿ ನೊಂದವಳು ಮೋಹಿನಿಯಾದಳು. ಇಲ್ಲಿ ಅವಳು ದೇವತೆಯಾದಳು. ‘ಅಲರ್ ಮೇಲ್ ಮಂಗೈ’, ಹೂವಿನ ಮೇಲೆ ಕುಳಿತವಳು, ಎಂಬ ತಮಿಳು ಮಾತಿನಿಂದ ಬಂದ ಅಲಮೇಲು ಲಕ್ಷ್ಮಿಯ ಹೆಸರು; ರಂಗನಾಯಕಿಯೂ ಅವಳೇ. ಒಡವೆ ಕೇಳಿದ್ದು ಯಾರಿಗಾಗಿಯೋ ಆ ದೇವಿಯ ಹೆಸರನ್ನೇ ಹೊತ್ತವಳ ಮೂರ್ತಿಗೆ, ಶಾಪಕ್ಕೆ ಗುರಿಯಾದ ಒಡೆಯರ ಮನೆತನವೇ ಮೈಸೂರು ಅರಮನೆಯಲ್ಲಿ ಪೂಜೆ ಸಲ್ಲಿಸುತ್ತ ಬಂದಿದೆ.